ಬಾಗಿಲಿಗೆ ಚೀಟಿ ಅಂಟಿಸಿದ್ರೆ ಗೂಗಲ್‌ಗೆ ಗೊತ್ತಾಗುತ್ತಾ?

ಬಂಗಾರಪೇಟೆಯಿಂದ ಮಾತಾಡ್ತಿದೀನಿ, ಮಧ್ಯೆ ಮಾರಿಕುಪ್ಪಂ ರೈಲಿನ ಸದ್ದು ಬಂದ್ರೆ ಅಡ್ಜಸ್ಟ್ ಮಾಡ್ಕೊಳ್ಳಿ.

ಇವತ್ತು ನನ್ನದೇ ಎಡವಟ್ಟಿನ ಕಥೆ. ನಮ್ಮ ಮಾವ ಇಲ್ಲಿ ಪಾನಿಪುರಿ ಮಸಾಲೆ ಪ್ಯಾಕೆಟ್ ಮಾರ್ತಾರೆ. ಬಂಗಾರಪೇಟೆ ಪಾನಿಪುರಿ ಗೊತ್ತಲ್ಲ? ನೋಡೋಕೆ ಬರೀ ನೀರು, ಕುಡಿದ್ರೆ ಕಿವೀಲಿ ಹೊಗೆ. ಅವರ ಹಳೇ ವೆಬ್‌ಸೈಟ್ ಗೂಗಲ್‌ನಲ್ಲಿ ಮೇಲೇ ಬರ್ತಿತ್ತು. ಹೊಸ ಡೊಮೇನ್ ತಗೊಂಡಾಗ "ನಾನು ಮಾಡ್ಕೊಡ್ತೀನಿ ಮಾವ" ಅಂದೆ. ಓದಿದ್ದು ಬಿ.ಕಾಂ., ಧೈರ್ಯ ಮಾತ್ರ ಇಂಜಿನಿಯರ್‌ದು. ಹಳೇ ಪುಟದ ಬರಹವನ್ನೆಲ್ಲ ಅಳಿಸಿ, "ವಿಳಾಸ ಬದಲಾಗಿದೆ" ಅಂತ ಬರೆದು, ಐದು ಸೆಕೆಂಡ್ ಆದ್ಮೇಲೆ ಹೊಸದಕ್ಕೆ ಹೋಗೋ ಹಾಗೆ ಮೆಟಾ ರಿಫ್ರೆಶ್ ಹಾಕ್ದೆ. ನನ್ನ ಮೊಬೈಲಲ್ಲಿ ಚೆನ್ನಾಗೇ ಓಡ್ತು.

ತಿಂಗಳು ಕಳೆದ್ರೂ ಗೂಗಲ್‌ನಲ್ಲಿ ಹೊಸ ಸೈಟ್ ಕಾಣಲಿಲ್ಲ. ಹಳೇದೂ ಕೆಳಗೆ ಜಾರಿತು. ಮಾವ ಬೈಲಿಲ್ಲ, "ಆರ್ಡರ್ ಯಾಕೋ ಬರ್ತಿಲ್ಲ ಕಣೋ" ಅಂದ್ರು ಅಷ್ಟೆ. ಬೈದಿದ್ರೇ ವಾಸಿಯಿತ್ತು.

ಏನಾಯ್ತು ಅಂದ್ರೆ, 2001ರ ಫೆಬ್ರವರಿ 28ಕ್ಕೆ ಬಿಜಿಎಂಎಲ್ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನಿಂದ ಎಷ್ಟೋ ಕುಟುಂಬಗಳು ಬೇರೆ ಊರು ಸೇರಿದವಲ್ಲ, ಆ ಥರದ ಒಂದು ಮನೆ ಅಂದ್ಕೊಳ್ಳಿ. ಹೊಸ ವಿಳಾಸವನ್ನ ಪೋಸ್ಟಾಫೀಸಿಗೇ ಕೊಟ್ಟು ಹೋದ್ರೆ ಕಾಗದ ಅಲ್ಲಿಂದಲೇ ತಿರುಗುತ್ತೆ. ಅದು ಸರ್ವರ್ ಕೊಡೋ 301. ಬಾಗಿಲಿಗೆ ಚೀಟಿ ಅಂಟಿಸಿ ಹೋದ್ರೆ ಪೋಸ್ಟ್‌ಮ್ಯಾನ್ ಮನೆವರೆಗೂ ಬಂದು ಓದಬೇಕು. ಅದು ಕ್ಲೈಂಟ್-ಸೈಡ್ ರೀಡೈರೆಕ್ಟ್. ಪುಟ ಬ್ರೌಸರ್‌ಗೆ ಬಂದ ಮೇಲೇ ತಿರುಗೋದು.

ಚೀಟಿ ಹಾಕೋದೇ ತಪ್ಪು ಅಂತಲ್ಲ. ಸೊನ್ನೆ ಸೆಕೆಂಡಿನ ಮೆಟಾ ರಿಫ್ರೆಶ್ ಆದ್ರೆ ಗೂಗಲ್ ಅದನ್ನ ಶಾಶ್ವತ ಬದಲಾವಣೆ ಅಂತಲೇ ಓದುತ್ತೆ. ನನ್ನ ಥರ ತಡ ಮಾಡಿ ತಿರುಗಿಸಿದ್ರೆ ತಾತ್ಕಾಲಿಕ ಅಂದ್ಕೊಳ್ಳುತ್ತೆ, ಮನೆಯವರು ಜಾತ್ರೆಗೆ ಹೋಗಿದ್ದಾರೆ, ಬರ್ತಾರೆ ಅನ್ನೋ ಹಾಗೆ. ಹಾಗಾಗಿ ಹಳೇ ವಿಳಾಸವನ್ನೇ ಇಟ್ಕೊಂಡಿರುತ್ತೆ. ಜಾವಾಸ್ಕ್ರಿಪ್ಟ್ ಇನ್ನೂ ರಿಸ್ಕು: ಗೂಗಲ್ ಆ ಪುಟವನ್ನ ಪೂರ್ತಿ ರೆಂಡರ್ ಮಾಡಿದ ಮೇಲೇ ಅದು ಕಣ್ಣಿಗೆ ಬೀಳೋದು. ರೆಂಡರ್ ಕೈಕೊಟ್ಟರೆ ಚೀಟಿ ಇದ್ದೂ ಇಲ್ಲದ ಹಾಗೆ. ಸರ್ವರ್ ನಮ್ಮ ಕೈಲಿಲ್ಲ, ಬೇರೆ ದಾರಿಯೇ ಇಲ್ಲ ಅಂದಾಗ ಮಾತ್ರ ಅದು.

ಈಗ ಒಂದೊಂದು ಹಳೇ ಪುಟಕ್ಕೂ ಅದರದ್ದೇ ಹೊಸ ಪುಟಕ್ಕೆ 301 ಹಾಕಿದೀನಿ, ಎಲ್ಲವನ್ನೂ ಹೋಮ್‌ಪೇಜಿಗೆ ತಳ್ಳಿಲ್ಲ. ಸರ್ಚ್ ಕನ್ಸೋಲ್‌ನಲ್ಲೂ ವಿಳಾಸ ಬದಲಾವಣೆ ತಿಳಿಸಿದೀನಿ. ಹೊಸ ಹೆಸರು ನಿಧಾನಕ್ಕೆ ಮೇಲೆ ಬರ್ತಿದೆ. ಆದ್ರೆ ಈ ರೀಡೈರೆಕ್ಟ್ ಕನಿಷ್ಠ ಒಂದು ವರ್ಷ ಇರಬೇಕು ಅನ್ನೋದು ಗೂಗಲ್‌ದೇ ಸಲಹೆ. ಅಂದ್ರೆ ಹಳೇ ಡೊಮೇನ್‌ಗೂ ದುಡ್ಡು ಕಟ್ಟಬೇಕು. ಅದನ್ನ ಮಾವನಿಗೆ ಇನ್ನೂ ಹೇಳಿಲ್ಲ.