ಮೊರಡಿಯಿಂದ ಎಡೆಗಲ್ಲಿಗೆ



ಬೆಂಗಳೂರಿನಲ್ಲಿ ಓದುತ್ತಿರುವ ನನ್ನ ಮೊಮ್ಮಗ ಒಂದು ಶನಿವಾರ ತೆರಕಣಾಂಬಿಗೆ ಬಂದವನೇ, “ತಾತ, ಎರಡು ದಿನ ರಜೆ. ನೆಲದೊಳಗಿನ ಗುಹೆಯನ್ನೂ ಮರುಭೂಮಿಯ ಬೆಟ್ಟವನ್ನೂ ನೋಡಬೇಕು” ಎಂದ. ಆಂಧ್ರದ ಬೇಲಂ ಗುಹೆ ಅವನ ಮನಸ್ಸಿನಲ್ಲಿತ್ತು. ಮೂರು ಕಿಲೋಮೀಟರಿಗೂ ಮಿಕ್ಕು ಉದ್ದವಾದ ಆ ಗುಹೆ, ನೀರು ಸುಣ್ಣಕಲ್ಲನ್ನು ಕರಗಿಸಿ ಕೊರೆದದ್ದು. ನಮ್ಮ ಸೀಮೆಯ ಬಂಡೆ ಹಾಗೆ ಕರಗುವ ಜಾತಿಯದಲ್ಲ. ಅದು ಬಿರಿಯುತ್ತದೆ, ಇಲ್ಲವೆ ಉರುಳುತ್ತದೆ. “ಎರಡನ್ನೂ ಹತ್ತಿರದಲ್ಲೇ ತೋರಿಸುತ್ತೇನೆ, ನಡೆ” ಎಂದೆ. ಹಾಗೆನ್ನುವಾಗ ಒಳಗೇ ನಾಚಿಕೆಯಾಯಿತು. ವರ್ಷಗಟ್ಟಲೆ ಶಾಸನಪಾಠ ಹೇಳಿದ ನಾನು, ಗುಂಡ್ಲುಪೇಟೆಯಿಂದ ಕೆಲವೇ ಗಂಟೆಗಳ ದಾರಿಯಾದ ವಯನಾಡಿನ ಎಡಕ್ಕಲ್ ಗುಹೆಯನ್ನು ಕಂಡಿರಲಿಲ್ಲ.

ಮೊದಲ ದಿನ ಹುಲುಗನಮುರಡಿ. ನೀಲಗಿರಿ, ವಯನಾಡುಗಳ ಬೆಟ್ಟಸಾಲು ಮುಂಗಾರಿನ ಮೋಡವನ್ನು ಹಿಂಡಿಕೊಂಡ ಮೇಲೆ ನಮ್ಮ ಪಾಲಿಗೆ ಉಳಿಯುವುದು ಹೆಚ್ಚಾಗಿ ಗಾಳಿಯೇ. ಬಂಡೆ, ಕುರುಚಲು, ಬಿಸಿಲು. ನೆತ್ತಿಯಲ್ಲಿ ವೆಂಕಟರಮಣಸ್ವಾಮಿಯ ಗುಡಿ. ಮರುಭೂಮಿಯೆಂದರೆ ಅತಿಶಯವಾದೀತು, ಆದರೂ ಹುಡುಗ ಒಪ್ಪಿದ. ‘ಮುರಡಿ’ಯನ್ನು ಅವನು ಯಾರದೋ ಹೆಸರೆಂದು ತಿಳಿದಿದ್ದ. ಹಳಗನ್ನಡದ ‘ಮೊರಡಿ’, ಎಂದರೆ ಕಲ್ಲುಗುಡ್ಡ, ಊರ ಹೆಸರುಗಳಲ್ಲಿ ಹೀಗೆ ಅಡಗಿ ಕುಳಿತಿದೆ.

ಭಾನುವಾರ ಬೆಳಿಗ್ಗೆ ಆರಕ್ಕೆ ಬಂಡೀಪುರದ ಕಾಡಿನ ಗೇಟು ತೆರೆಯುವುದನ್ನು ಕಾದು ಹೊರಟೆವು. 2009ರಿಂದ ಆ ದಾರಿಯಲ್ಲಿ ರಾತ್ರಿ ಒಂಬತ್ತರ ಮೇಲೆ ವಾಹನ ಬಿಡುವುದಿಲ್ಲ. ಮರಳುವ ಹೊತ್ತೂ ಅದರಿಂದಲೇ ನಿಶ್ಚಯವಾಯಿತು. ಮೂಲೆಹೊಳೆ, ಮುತ್ತಂಗ, ಸುಲ್ತಾನ್ ಬತ್ತೇರಿ ದಾಟಿದರೆ ಕಾಫಿತೋಟಗಳ ಮೇಲೆ ಅಂಬುಕುತ್ತಿ ಬೆಟ್ಟ. ನೆಲಕ್ಕೆ ಇಳಿಯುವೆವೆಂದುಕೊಂಡ ಹುಡುಗ ಏರಿಯೇ ಏರಿದ. ನನ್ನ ಮೊಣಕಾಲು ಎರಡು ಕಡೆ ಮುಷ್ಕರ ಹೂಡಿತು. ಕಡೆಯ ಮೆಟ್ಟಿಲುಗಳನ್ನು ಅವನ ಭುಜ ಹಿಡಿದೇ ಹತ್ತಿದೆ.

ಅದು ನಿಜವಾಗಿ ಗುಹೆಯಲ್ಲ. ಬೆಟ್ಟ ಬಿರಿದು ಆದ ಓಣಿ. ಅದರ ಬಾಯಿಗೆ ಮೇಲಿನಿಂದ ದೊಡ್ಡ ಬಂಡೆಯೊಂದು ಸಿಕ್ಕಿಕೊಂಡು ಚಾವಣಿಯಾಗಿದೆ. ಎಡಕ್ಕಲ್ ಎಂದರೆ ನಡುವೆ ಸಿಕ್ಕಿದ ಕಲ್ಲು. ನಮ್ಮ ‘ಎಡೆ’, ‘ಕಲ್’ ಎಂಬ ಮಾತುಗಳ ಒಡಹುಟ್ಟುಗಳೇ ಮಲೆಯಾಳದಲ್ಲಿವೆ. ಸಂದಿನಿಂದ ಇಳಿಯುವ ಬೆಳಕಿನಲ್ಲಿ ಎರಡೂ ಗೋಡೆಗಳ ತುಂಬ ಗೀರುಗಳು. ಮೊದಲಿಗೆ ಬರಿಯ ಗೋಜಲು. ಕಣ್ಣು ಪಳಗಿದಂತೆ ತಲೆಯುಡುಗೆ ತೊಟ್ಟ ಮನುಷ್ಯ, ಪ್ರಾಣಿ, ಚಕ್ರ ಒಂದೊಂದಾಗಿ ಎದ್ದುಬಂದವು. ಮಲಬಾರಿನ ಪೊಲೀಸ್ ಅಧಿಕಾರಿ ಫ್ರೆಡ್ ಫಾಸೆಟ್ 1890ರ ದಶಕದಲ್ಲಿ ಇವನ್ನು ಕಂಡು, 1901ರಲ್ಲಿ ಇವುಗಳ ವಿಷಯ ಬರೆದು ಪ್ರಕಟಿಸಿದ. ಬಹುಪಾಲು ನವಶಿಲಾಯುಗದವೆಂದು ವಿದ್ವಾಂಸರ ಎಣಿಕೆ. ಬಹಳ ಕಾಲದ ಮೇಲೆ ಬಂದವರು ಅದೇ ಬಂಡೆಯಲ್ಲಿ ಬ್ರಾಹ್ಮೀ ಅಕ್ಷರಗಳನ್ನೂ ಕೆತ್ತಿದ್ದಾರೆ.

ನನ್ನ ಕಣ್ಣು, ಅಭ್ಯಾಸಬಲದಿಂದ, ಅಕ್ಷರಗಳನ್ನೇ ಹುಡುಕುತ್ತಿತ್ತು. ಹುಡುಗ ಆ ಮನುಷ್ಯನ ಮುಂದೆಯೇ ನಿಂತಿದ್ದ.

“ಇದನ್ನು ಓದಿ ಹೇಳಿ, ತಾತ.”

“ನನಗೆ ಬಾರದಪ್ಪ” ಎಂದೆ. ತರಗತಿಯಲ್ಲಿ ಈ ಮಾತನ್ನು ಎಷ್ಟು ಸಲ ಆಡಬೇಕಾಗಿತ್ತೋ ಏನೋ. ಅವನು ನಕ್ಕು, ಇನ್ನೂ ಹತ್ತು ನಿಮಿಷ ಅಲ್ಲೇ ನಿಂತ.

ಗೇಟು ಮುಚ್ಚುವ ಮುನ್ನ ಕಾಡು ದಾಟಿದೆವು. ಮನೆಯ ಮುಂದೆ ಇಳಿಯುವಾಗ, “ಮುಂದಿನ ಸಲ ಬೇಲಂ, ತಾತ. ಅಲ್ಲಿ ಮೊದಲು ಇಳಿಯುವುದಂತೆ” ಎಂದ. ಮೊಣಕಾಲು ನೀವಿಕೊಳ್ಳುತ್ತ, ಆಗಲಿ ಎಂದೆ.