ಕಾದಂಬರಿಕಾರನ ಆಟ

ಆಂಗ್ಲ ಲೇಖಕನಾದ ಡಗ್ಲಾಸ್ ಆಡಮ್ಸ್ ತನ್ನ ‘ದಿ ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ’ಯನ್ನು ಮೊದಲು ರಚಿಸಿದುದು ಬಾನುಲಿಗಾಗಿ. 1978ರಲ್ಲಿ ಬಿ.ಬಿ.ಸಿ.ಯಿಂದ ಪ್ರಸಾರಗೊಂಡ ಆ ಹಾಸ್ಯನಾಟಕವು ಮರುವರ್ಷ ಕಾದಂಬರಿಯಾಗಿ, 1984ರಲ್ಲಿ ಸ್ಟೀವ್ ಮೆರೆಟ್ಸ್ಕಿಯ ಸಹಯೋಗದಿಂದ ಅಮೆರಿಕದ ಇನ್ಫೋಕಾಮ್ ಸಂಸ್ಥೆಯ ಕಂಪ್ಯೂಟರ್ ಆಟವಾಗಿ ರೂಪಾಂತರ ಹೊಂದಿತು.

ಚಿತ್ರವೊಂದೂ ಇಲ್ಲದ, ಕೇವಲ ಅಕ್ಷರಗಳ ಆಟವದು. ಆಡುವವನು ಕತ್ತಲೆಯ ಕೋಣೆಯಲ್ಲಿ ತಲೆನೋವಿನೊಡನೆ ಎಚ್ಚರಗೊಂಡು, ದೀಪ ಹಾಕು, ನಿಲುವಂಗಿ ತೊಡು ಎಂದು ಪ್ರತಿಯೊಂದು ಆಜ್ಞೆಯನ್ನೂ ತಾನೇ ಟೈಪಿಸಬೇಕು. ಮುಂದೆ ಅಂತರಿಕ್ಷನೌಕೆಯಲ್ಲಿ ಗುಂಡಿಯೊಂದನ್ನು ಒತ್ತಿದೊಡನೆ, ಕಿವಿಯಲ್ಲಿರಿಸಿಕೊಂಡರೆ ಸಕಲ ಭಾಷೆಗಳನ್ನೂ ತಿಳಿಯಪಡಿಸುವ ಮೀನೊಂದು ಯಂತ್ರದಿಂದ ಚಿಮ್ಮಿ ಗೋಡೆಯ ರಂಧ್ರದಲ್ಲಿ ಮಾಯವಾಗುತ್ತದೆ. ಆ ರಂಧ್ರಕ್ಕೆ ನಿಲುವಂಗಿಯನ್ನು ಅಡ್ಡ ತೂಗುಹಾಕಿದರೆ ಮೀನು ನೆಲದ ಜಾಲರಿಯೊಳಕ್ಕೆ ಜಾರುತ್ತದೆ. ಜಾಲರಿಯ ಮೇಲೆ ಟವೆಲು ಹೊದಿಸಿದರೋ, ಸ್ವಚ್ಛಗೊಳಿಸುವ ರೋಬಾಟ್ ಒಂದು ಧಾವಿಸಿ ಬಂದು ಮೀನನ್ನು ಹೊತ್ತೊಯ್ಯುತ್ತದೆ. ಸಾಲದುದಕ್ಕೆ, ಈ ಆಟವು ಆಡುವವನಿಗೆ ಆಗಾಗ ಸುಳ್ಳನ್ನೂ ಹೇಳುತ್ತದೆ. ಕಥೆಗಾರನ ಜನ್ಮಸಿದ್ಧ ಹಕ್ಕೆನ್ನೋಣ! ಕಾದಂಬರಿಯಲ್ಲಿ ನಾಯಕನ ಪೇಚಾಟವನ್ನು ಕಂಡು ನಕ್ಕ ಓದುಗನೇ ಇಲ್ಲಿ ಆ ಪೇಚಿಗೆ ಸಿಲುಕುತ್ತಾನೆ. ಲೇಖನಿಗೆ ಸುಲಭಸಾಧ್ಯವಲ್ಲದ ಈ ಸ್ಥಾನಪಲ್ಲಟವನ್ನು ಸಾಧಿಸಿದುದರಲ್ಲಿಯೇ, ನನ್ನ ಮಟ್ಟಿಗೆ, ಆಡಮ್ಸನ ಪ್ರತಿಭೆಯ ವಿಶೇಷವಿದೆ.

ಗಡುವು ಮೀರುವುದರಲ್ಲಿಯೂ ಆತನು ಪ್ರಖ್ಯಾತನೇ. ಬರೆಹ ಮುಗಿಯದಿದ್ದಾಗ ಮೆರೆಟ್ಸ್ಕಿ ಇಂಗ್ಲೆಂಡಿಗೇ ತೆರಳಿ, ಹಳ್ಳಿಗಾಡಿನ ಹೋಟೆಲೊಂದರಲ್ಲಿ ಜೊತೆಗೆ ಕುಳಿತು ಬರೆಯಬೇಕಾಯಿತು. 1998ರಲ್ಲಿ ‘ಸ್ಟಾರ್‌ಶಿಪ್ ಟೈಟಾನಿಕ್’ ಎಂಬ ಮತ್ತೊಂದು ಆಟ ಹೊರಬಂದಿತು. ಅದರಲ್ಲಿ ಆಡಮ್ಸ್ ಎಷ್ಟು ಮಗ್ನನಾಗಿದ್ದನೆಂದರೆ, ಅದೇ ಹೆಸರಿನ ಕಾದಂಬರಿಯನ್ನು ಆತನ ಮಿತ್ರ ಟೆರಿ ಜೋನ್ಸ್ ಬರೆದುಕೊಟ್ಟನು.