ನಡುಗುವ ಕೈ, ಕಳೆನಾಶಕ ಮತ್ತು ಮಿದುಳಿನ ಸರ್ಕ್ಯೂಟ್



ಪಾರ್ಕಿನ್ಸನ್ ಕಾಯಿಲೆಗೆ ಯಾರ ಹೆಸರಿದೆಯೋ ಆ ಜೇಮ್ಸ್ ಪಾರ್ಕಿನ್ಸನ್ ಲಂಡನ್ನಿನ ಹಾಕ್ಸ್‌ಟನ್ ಬಡಾವಣೆಯ ವೈದ್ಯರು. ಅವರು ರಾಜಕೀಯ ಸುಧಾರಣೆಗಾಗಿ ಹೋರಾಡಿದವರೂ ಹೌದು. 1790ರ ದಶಕದಲ್ಲಿ ‘ಓಲ್ಡ್ ಹ್ಯೂಬರ್ಟ್’ ಎಂಬ ಗುಪ್ತನಾಮದಿಂದ ಕರಪತ್ರಗಳನ್ನು ಬರೆದು, ಜನಸಾಮಾನ್ಯರಿಗೆ ಪಾರ್ಲಿಮೆಂಟಿನಲ್ಲಿ ಪ್ರಾತಿನಿಧ್ಯ ಬೇಕೆಂದು ವಾದಿಸಿದರು. 1794ರಲ್ಲಿ, ದೊರೆಯನ್ನು ಕೊಲ್ಲುವ ಸಂಚು ನಡೆದಿದೆಯೆಂಬ ಆರೋಪದ ಪ್ರಕರಣದಲ್ಲಿ, ಪ್ರಿವಿ ಕೌನ್ಸಿಲ್ ಅವರನ್ನು ಕರೆಸಿ ವಿಚಾರಿಸಿತು. 1817ರಲ್ಲಿ ಅವರು ಪ್ರಕಟಿಸಿದ ನಡುಕದ ರೋಗದ ಪ್ರಬಂಧದಲ್ಲಿರುವವರು ಆರೇ ಜನ. ಅವರಲ್ಲಿ ಕೆಲವರನ್ನು ಪಾರ್ಕಿನ್ಸನ್ ಕಂಡದ್ದು ಬೀದಿಯಲ್ಲಿ. ರೋಗದ ಮೂಲ ದೇಹದೊಳಗೆ ಎಲ್ಲಿದೆಯೆಂಬುದನ್ನು ಶವಪರೀಕ್ಷೆ ಮಾಡುವವರು ಹುಡುಕಬೇಕೆಂದು ಅವರು ಕೋರಿದ್ದರು.

ಆ ಕೋರಿಕೆಗೆ ಉತ್ತರ ದೊರೆಯಲು ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ಮಿದುಳಿನ ಆಳದಲ್ಲಿ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಕಪ್ಪು ಬಣ್ಣದ ಭಾಗವಿದೆ. ಅಲ್ಲಿನ ನರಕೋಶಗಳು ಡೋಪಮೀನ್ ಎಂಬ ರಾಸಾಯನಿಕವನ್ನು ಸ್ಟ್ರಯೇಟಮ್ ಎಂಬ ಇನ್ನೊಂದು ಭಾಗಕ್ಕೆ ತಲುಪಿಸುತ್ತವೆ. ಅಲ್ಲಿಂದ ಮುಂದೆ ಎರಡು ಹಾದಿಗಳು. ಒಂದು ಚಲನೆಗೆ ಅನುಮತಿ ಕೊಡುತ್ತದೆ, ಇನ್ನೊಂದು ತಡೆಯುತ್ತದೆ. ಡೋಪಮೀನ್ ಮೊದಲನೆಯದಕ್ಕೆ ಬಲ ಕೊಟ್ಟು ಎರಡನೆಯದನ್ನು ಹತೋಟಿಯಲ್ಲಿಡುತ್ತದೆ. ಆ ಕೋಶಗಳು ಸಾಯುತ್ತ ಹೋದಂತೆ ತಡೆಯ ಕೈ ಮೇಲಾಗುತ್ತದೆ. ಲೋಟ ಎತ್ತಬೇಕೆಂಬ ಇಚ್ಛೆಯಿದೆ, ತೋಳಿನಲ್ಲಿ ಬಲವಿದೆ, ಆದರೂ ಕೈ ಮೇಲೇಳದು. ಈ ಕಾಯಿಲೆ ಹೊರಗೆ ಕಾಣುವ ಹೊತ್ತಿಗೆ ಅಪಾರ ಸಂಖ್ಯೆಯ ಕೋಶಗಳು ಆಗಲೇ ನಾಶವಾಗಿರುತ್ತವೆ.

ಈ ಜ್ಞಾನದಲ್ಲಿ ದೊಡ್ಡ ತಿರುವು ಬಂದದ್ದು 1982ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಹೆರಾಯಿನ್ ವ್ಯಸನಿಗಳಾಗಿದ್ದ ಕೆಲವು ಯುವಕ ಯುವತಿಯರು ಇದ್ದಕ್ಕಿದ್ದಂತೆ ಕಲ್ಲಿನ ಬೊಂಬೆಗಳಂತೆ ಸೆಟೆದು ಆಸ್ಪತ್ರೆ ಸೇರಿದರು. ಮಾತಿಲ್ಲ, ಚಲನೆಯಿಲ್ಲ, ಒಳಗೆ ಪ್ರಜ್ಞೆ ಮಾತ್ರ ಎಚ್ಚರ. ನರವೈದ್ಯ ವಿಲಿಯಂ ಲ್ಯಾಂಗ್‌ಸ್ಟನ್ ಮತ್ತು ಸಂಗಡಿಗರು ಇದರ ಜಾಡು ಹಿಡಿದರು. ಕಳ್ಳ ಪ್ರಯೋಗಾಲಯದಲ್ಲಿ ತಯಾರಾದ ಮಾದಕದಲ್ಲಿ ಎಂಪಿಟಿಪಿ ಎಂಬ ವಸ್ತು ಬೆರೆತಿತ್ತು. ಅದು ಮಿದುಳಿನಲ್ಲಿ ರೂಪಾಂತರಗೊಂಡು, ಡೋಪಮೀನ್ ಕೋಶಗಳನ್ನೇ ಆರಿಸಿಕೊಂಡು ಒಳಹೊಕ್ಕು, ಅವುಗಳ ಶಕ್ತಿಯ ಒಲೆಯಾದ ಮೈಟೋಕಾಂಡ್ರಿಯಾವನ್ನು ನಂದಿಸುತ್ತಿತ್ತು. ಸಮಾಜ ಕಡೆಗಣಿಸಿದ್ದ ಈ ವ್ಯಸನಿಗಳ ದುರಂತ ವಿಜ್ಞಾನದ ಮುಂದೆ ಎರಡು ದಾರಿಗಳನ್ನು ತೆರೆಯಿತು.

ಮೊದಲ ದಾರಿ ತಲೆಬುರುಡೆಯ ಒಳಗೆ ಸಾಗಿತು. ಎಂಪಿಟಿಪಿ ಕೊಟ್ಟ ಮಂಗಗಳಲ್ಲಿ ಅದೇ ರೋಗ ಕಾಣಿಸಿಕೊಂಡಿತು. ಆ ಮೂಕಪ್ರಾಣಿಗಳು ತೆತ್ತ ಬೆಲೆಯನ್ನು ಮರೆಯಬಾರದು. ಸರ್ಕ್ಯೂಟಿನಲ್ಲಿ ಸಬ್‌ಥಾಲಮಿಕ್ ನ್ಯೂಕ್ಲಿಯಸ್ ಎಂಬ ಪುಟ್ಟ ಕೇಂದ್ರ ಅತಿಯಾಗಿ ಕೆರಳಿರುತ್ತದೆಂದು ತಿಳಿದುಬಂತು. ಅದನ್ನು ನಿಷ್ಕ್ರಿಯಗೊಳಿಸಿದರೆ ಮಂಗಗಳ ಚಲನೆ ಮರಳುತ್ತದೆಂದು 1990ರಲ್ಲಿ ಮ್ಯಾಲನ್ ಡಿಲಾಂಗ್ ಮತ್ತು ಸಹೋದ್ಯೋಗಿಗಳು ತೋರಿಸಿದರು. ಇತ್ತ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಅಲಿಂ ಲೂಯಿ ಬೆನಬಿದ್ 1987ರಲ್ಲೇ ಮಿದುಳಿನಾಳದ ಇನ್ನೊಂದು ಭಾಗಕ್ಕೆ ತಂತಿಯಿಳಿಸಿ, ಸಣ್ಣ ವಿದ್ಯುತ್ ಮಿಡಿತಗಳಿಂದ ನಡುಕ ತಗ್ಗಿಸಿದ್ದರು. 1990ರ ದಶಕದಲ್ಲಿ ಅದೇ ವಿಧಾನ ಸಬ್‌ಥಾಲಮಿಕ್ ನ್ಯೂಕ್ಲಿಯಸ್‌ಗೂ ಅನ್ವಯವಾಯಿತು. ಈ ಸಾಧನೆಗಾಗಿ ಇಬ್ಬರಿಗೂ 2014ರ ಲಾಸ್ಕರ್ ಪ್ರಶಸ್ತಿ ಸಂದಿತು. ರೋಗ ವಾಸಿಯಾಗದು, ನಿಜ. ಆದರೆ ಯೋಗ್ಯರೆಂದು ಆಯ್ಕೆಯಾದ ರೋಗಿಗಳ ಪಾಲಿಗೆ ಚಮಚ ಹಿಡಿದು ತಾವೇ ಊಟ ಮಾಡುವ ದಿನ ಮರಳಿತು.

ಎರಡನೆಯ ದಾರಿ ಹೊಲಕ್ಕೆ ಹೋಗುತ್ತದೆ. ಎಂಪಿಟಿಪಿಯಿಂದ ಮಿದುಳಿನಲ್ಲಿ ಉಂಟಾಗುವ ವಿಷದ ರಚನೆ ಪ್ಯಾರಾಕ್ವಾಟ್ ಎಂಬ ಕಳೆನಾಶಕದ ರಚನೆಯನ್ನು ಬಹುಮಟ್ಟಿಗೆ ಹೋಲುತ್ತದೆ. ರೊಟೆನೋನ್ ಎಂಬ ಕೀಟನಾಶಕವೂ ಮೈಟೋಕಾಂಡ್ರಿಯಾದ ಮೇಲೆಯೇ ಎರಗುತ್ತದೆ. ಕೀಟನಾಶಕ ಬಳಸುವ ಅಮೆರಿಕದ ಕೃಷಿಕರ ಕುರಿತ 2011ರ ಅಧ್ಯಯನವೊಂದರಲ್ಲಿ, ಇವುಗಳನ್ನು ಬಳಸಿದವರಲ್ಲಿ ಪಾರ್ಕಿನ್ಸನ್ ಬರುವ ಸಂಭವ ಸುಮಾರು ಎರಡೂವರೆ ಪಟ್ಟು ಹೆಚ್ಚೆಂದು ಕಂಡುಬಂತು. ಸಂಬಂಧ ಕಂಡಮಾತ್ರಕ್ಕೆ ಅದೇ ಕಾರಣವೆಂದು ಸಿದ್ಧವಾಗದು. ವಂಶವಾಹಿ, ವಯಸ್ಸು ಮುಂತಾದವುಗಳ ಪಾಲೂ ಇದೆ. ತಯಾರಕರು ಈ ಸಂಬಂಧವನ್ನು ಒಪ್ಪುವುದಿಲ್ಲ. ಆದರೆ ಪ್ರಶ್ನೆ ಇತ್ಯರ್ಥವಾಗುವವರೆಗೆ ಅಪಾಯವನ್ನು ಯಾರು ಹೊರಬೇಕು? ವಿಷ ಮಾರುವವರೋ, ಸಿಂಪಡಿಸುವವರೋ?

ಐರೋಪ್ಯ ಒಕ್ಕೂಟದಲ್ಲಿ ಪ್ಯಾರಾಕ್ವಾಟ್ ಬಳಕೆಗಿದ್ದ ಅನುಮತಿಯನ್ನು ನ್ಯಾಯಾಲಯ 2007ರಲ್ಲಿ ರದ್ದುಪಡಿಸಿತು. ತನ್ನ ಹೊಲಗಳಿಗೆ ಬೇಡವಾದ ಮೇಲೂ ಅದನ್ನು ತಯಾರಿಸಿ ಹೊರದೇಶಗಳಿಗೆ ಕಳಿಸುವ ಕೆಲಸ ಬ್ರಿಟನ್ನಿನಲ್ಲಿ ವರ್ಷಗಟ್ಟಲೆ ನಡೆಯಿತು. 2012ರಲ್ಲಿ ಫ್ರಾನ್ಸ್ ಸರ್ಕಾರ, ಕೀಟನಾಶಕಗಳೊಡನೆ ಕೆಲಸ ಮಾಡಿದ ಕೃಷಿಕರಿಗೆ ಬರುವ ಪಾರ್ಕಿನ್ಸನ್ನನ್ನು ಔದ್ಯೋಗಿಕ ರೋಗವೆಂದು ಮಾನ್ಯ ಮಾಡಿತು. ಅಲ್ಲಿ ನಡುಗುವ ಕೈಯ ರೈತ ಪರಿಹಾರ ಕೇಳಬಹುದು. ಭಾರತದಲ್ಲಿ ಪ್ಯಾರಾಕ್ವಾಟ್ ನೋಂದಾಯಿತ ಕಳೆನಾಶಕ. ಬೆನ್ನಿಗೆ ಪಂಪು ಬಿಗಿದು, ಮೂಗಿಗೆ ಬಟ್ಟೆಯೊಂದನ್ನು ಕಟ್ಟಿಕೊಂಡು, ಬರಿಗಾಲಲ್ಲಿ ಸಾಲು ಹಿಡಿದು ನಡೆಯುವ ಕೂಲಿಯಾಳು ಕರ್ನಾಟಕದ ಯಾವ ಜಿಲ್ಲೆಗೂ ಹೊಸಬನಲ್ಲ. ಇಪ್ಪತ್ತು ವರ್ಷಗಳ ನಂತರ ಅವನ ಕೈ ನಡುಗಿದರೆ ಮನೆಯವರು ಅದನ್ನು ಮುಪ್ಪೆನ್ನುತ್ತಾರೆ. ಅವನು ಯಾವ ವರ್ಷ, ಯಾರ ತೋಟದಲ್ಲಿ, ಯಾವ ವಿಷ ಹೊಡೆದನೆಂಬುದನ್ನು ಬರೆದಿಟ್ಟವರು ಅಪರೂಪ. ಮಿದುಳಿಗೆ ತಂತಿಯಿಳಿಸುವ ಶಸ್ತ್ರಚಿಕಿತ್ಸೆಗೆ ಬೇಕಾದ ಹಲವು ಲಕ್ಷ ರೂಪಾಯಿ ಅವನ ಮನೆಯಲ್ಲಿಲ್ಲ.

ಸರ್ಕ್ಯೂಟುಗಳ ಸಂಶೋಧನೆ ಮುಂದುವರಿಯಲೇಬೇಕು. 2010ರಲ್ಲಿ ಬೆಳಕಿನ ಮೂಲಕ ಇಲಿಗಳ ‘ಅನುಮತಿಯ ಹಾದಿ’ಯನ್ನು ಎಚ್ಚರಿಸಿ ವಿಜ್ಞಾನಿಗಳು ಅವುಗಳ ಚಲನೆಯನ್ನು ಮರಳಿಸಿದರು. ಇಂಥ ಕೆಲಸಕ್ಕೆ ಸಲ್ಲುವ ಪ್ರತಿ ಕಾಸೂ ಸಾರ್ಥಕ. ಆದರೆ ಸತ್ತ ಕೋಶವನ್ನು ಬದುಕಿಸುವ ವಿದ್ಯೆ ಇನ್ನೂ ಕೈಗೂಡಿಲ್ಲ. ಕೋಶ ಸಾಯದಂತೆ ತಡೆಯುವ ಕೆಲಸದ ಒಂದು ಪಾಲು ಕಾನೂನಿನ ಕೈಯಲ್ಲಿದೆ, ಸಿಂಪಡಣೆಯ ದಾಖಲೆಯಲ್ಲಿದೆ, ಕೂಲಿಯವನ ಕೈಗವಸಿನಲ್ಲಿದೆ.

ವಿದೇಶಗಳಲ್ಲಿ ನೆಲೆಸಿದ ಕನ್ನಡಿಗರು ಊರಿನ ಆಸ್ಪತ್ರೆಗಳಿಗೆ ಉದಾರವಾಗಿ ಯಂತ್ರಗಳನ್ನು ಕೊಡಿಸುತ್ತಾರೆ. ಅನೇಕರಿಗೆ ಊರಿನಲ್ಲಿ ಇಂದಿಗೂ ಜಮೀನು ಇದೆ. ಈ ಬಾರಿ ಮನೆಗೆ ಫೋನು ಮಾಡಿದಾಗ, ತಮ್ಮ ತೋಟದಲ್ಲಿ ಹೊಡೆಯುವ ಔಷಧಿಯ ಹೆಸರೇನು, ಹೊಡೆಯುವವರು ಯಾರು ಎಂದು ಅವರು ಕೇಳಲಿ. ಪಾರ್ಕಿನ್ಸನ್ ತಮ್ಮ ಕೆಲವು ರೋಗಿಗಳನ್ನು ಕಂಡುಕೊಂಡದ್ದು ಬೀದಿಯಲ್ಲಿ ನಡೆಯುವವರನ್ನು ನಿಂತು ನೋಡಿ. ಹೊಲದಲ್ಲಿ ನಡೆಯುವವನನ್ನು ನೋಡುವ ಕೆಲಸ ಉಳಿದಿದೆ.